ಇಹ್ರಾಮಿನಲ್ಲಿ ಗಂಡ ಹೆಂಡತಿ: ಹಜ್ಜ್ ಯಾತ್ರಿಕರು ಚೀಟಿ ಬರೆದು ಕೇಳುವ ಪ್ರಶ್ನೆಗಳು

ಹಜ್ಜ್ ತರಬೇತಿ ಶಿಬಿರದಲ್ಲಿ ಮೈಕ್ ಹಿಡಿದು ಕೇಳುವ ಪ್ರಶ್ನೆಗಳೇ ಬೇರೆ. ಸೂಟ್‌ಕೇಸಿನ ತೂಕ ಎಷ್ಟಿರಬೇಕು, ಮಕ್ಕಾ ಹತ್ತಿರದ ಮಿನಾದಲ್ಲಿ ಅನ್ನ ಸಿಗುತ್ತದೆಯೇ, ಚಪ್ಪಲಿಯ ಪಟ್ಟಿ ಹೇಗಿರಬೇಕು ಎಂಬಂಥವು. ನಾಲ್ಕು ಮಡಿಕೆಯ ಚೀಟಿಯಲ್ಲಿ ಬರುವ ಪ್ರಶ್ನೆಗಳು ಬೇರೆ: ಇಹ್ರಾಮಿನಲ್ಲಿ, ಅಂದರೆ ಯಾತ್ರೆಯ ದೀಕ್ಷೆಯಲ್ಲಿ ಇರುವಾಗ, ಗಂಡ ಹೆಂಡತಿ ಹೇಗಿರಬೇಕು ಎಂಬಂಥವು. ಊಟದ ಸಾಲಿನಲ್ಲಿ ಹತ್ತಿರ ಸರಿದು, ‘ನಮ್ಮ ಪರಿಚಯದವರೊಬ್ಬರು ಕೇಳಿದ್ದಾರೆ’ ಎಂದು ತಗ್ಗಿದ ದನಿಯಲ್ಲಿ ಶುರುವಾಗುವವೂ ಅದೇ ಜಾತಿಯವು. ಇಂಥ ಶಿಬಿರಗಳಲ್ಲಿ ಹಲವು ವರ್ಷ ಕುರ್ಚಿ ಜೋಡಿಸಿ, ಚೀಟಿ ಒಟ್ಟುಮಾಡಿ ಉಲಮಾಗಳ, ಅಂದರೆ ಧರ್ಮವಿದ್ವಾಂಸರ, ಕೈಗೆ ಕೊಟ್ಟವನು ನಾನು, ಧಾರ್ಮಿಕ ತೀರ್ಪು ಕೊಡುವ ಮುಫ್ತಿಯಲ್ಲ. ಅವರ ಬಾಯಿಂದ ಕೇಳಿದ್ದು, ಫಿಕ್ಹ್ (ಧರ್ಮಶಾಸ್ತ್ರ) ಗ್ರಂಥಗಳಲ್ಲಿ ಇರುವುದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ನಮ್ಮ ರಾಜ್ಯದ ಮಟ್ಟಿಗೆ ಒಂದು ವಿಷಯ ಮೊದಲೇ ಹೇಳಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ ಕಡೆಯ ಉರ್ದು ಮಾತಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿಈ ಮದ್‌ಹಬ್‌ನವರು. ಮದ್‌ಹಬ್ ಎಂದರೆ ಸುನ್ನಿ ಧರ್ಮಶಾಸ್ತ್ರದ ಪಂಥ; ಮಾಲಿಕಿ, ಹಂಬಲಿ ಎಂಬ ಇನ್ನೆರಡೂ ಇವೆ. ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕುಳಿತ ಎರಡು ದಂಪತಿಗಳಿಗೆ ಒಂದೇ ಪ್ರಶ್ನೆಗೆ ಎರಡು ಉತ್ತರ ಸಿಗುವುದುಂಟು. ಎರಡೂ ಸರಿಯೇ. ಆದ್ದರಿಂದ ಎರಡನ್ನೂ ಕೊಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

ಇಹ್ರಾಂ ಎಂದರೆ ಆ ಎರಡು ಬಿಳಿ ಬಟ್ಟೆ ತಾನೇ? ಬಟ್ಟೆ ತೆಗೆದಿಟ್ಟರೆ ನಿಷೇಧವೂ ಹೋಯಿತಲ್ಲವೇ?

ಅಲ್ಲ. ಬಟ್ಟೆ ಇಹ್ರಾಮಿನ ಉಡುಪು ಅಷ್ಟೇ. ಇಹ್ರಾಂ ಎಂಬುದು ಒಂದು ಸ್ಥಿತಿ. ಹಜ್ಜ್ ಅಥವಾ ಉಮ್ರಾದ (ಕಿರು ಯಾತ್ರೆಯ) ನಿಯ್ಯತ್, ಅಂದರೆ ಸಂಕಲ್ಪ, ಮಾಡಿ ‘ಲಬ್ಬೈಕ್’ (ಇಗೋ ಬಂದೆ) ಹೇಳಿದ ಕ್ಷಣದಿಂದ ಅದು ಶುರು. ಬಟ್ಟೆ ಒದ್ದೆಯಾಗಿ ಬದಲಾಯಿಸಿದರೂ, ಸ್ನಾನಕ್ಕೆಂದು ಬಿಚ್ಚಿಟ್ಟರೂ ಇಹ್ರಾಂ ಇದ್ದ ಹಾಗೆಯೇ ಇರುತ್ತದೆ. ಹೆಂಗಸರಿಗಂತೂ ಬಿಳಿ ಬಟ್ಟೆಯ ನಿಯಮವೇ ಇಲ್ಲ, ತಮ್ಮ ಮಾಮೂಲಿ ಉಡುಪಿನಲ್ಲೇ ಅವರು ಇಹ್ರಾಮಿನಲ್ಲಿರುತ್ತಾರೆ.

ಇದರ ಇನ್ನೊಂದು ಮುಖವನ್ನೂ ನೋಡಿ. ಬೆಂಗಳೂರಿನ ಹಜ್ ಭವನದಲ್ಲಿ ಬಿಳಿ ಬಟ್ಟೆ ಉಟ್ಟುಕೊಂಡ ಗಂಡಸು ನಿಯ್ಯತ್ ಮಾಡದೆ ಇದ್ದರೆ ಇನ್ನೂ ಇಹ್ರಾಮಿಗೆ ಪ್ರವೇಶಿಸಿಲ್ಲ. ಹಲವರು ಉಡುಪನ್ನು ಇಲ್ಲಿಯೇ ಉಟ್ಟು, ವಿಮಾನದಲ್ಲಿ ಮೀಖಾತ್ (ಇಹ್ರಾಂ ಧರಿಸಲೇಬೇಕಾದ ಗಡಿ) ಹತ್ತಿರ ಬಂತೆಂಬ ಪ್ರಕಟಣೆ ಕೇಳಿದ ಮೇಲೆ ನಿಯ್ಯತ್ ಮಾಡುತ್ತಾರೆ. ಮುಂಬೈಯಿಂದ ಹಡಗು ಹೋಗುತ್ತಿದ್ದ ಕಾಲದಲ್ಲಿ, ಅಂದರೆ 1995ರವರೆಗೆ, ಯಲಮ್ಲಮ್ ಮೀಖಾತ್ ಬರುವ ತನಕ ಯಾತ್ರಿಕರು ದಿನಗಟ್ಟಲೆ ಮಾಮೂಲಿ ಬಟ್ಟೆಯಲ್ಲೇ ಇರುತ್ತಿದ್ದರು. ಈಗ ಎಲ್ಲವೂ ಐದಾರು ಗಂಟೆಯೊಳಗೆ ಮುಗಿಯುವುದರಿಂದ ಬಟ್ಟೆ ಮತ್ತು ನಿಯ್ಯತ್ ಎರಡೂ ಒಂದೇ ಎಂಬ ಭ್ರಮೆ ಹುಟ್ಟಿದೆ.

ನಿಷೇಧ ಇರುವುದು ಯಾವುದಕ್ಕೆ? ಬರೀ ಸಂಭೋಗಕ್ಕೋ, ಬೇರೆಯದಕ್ಕೂ ಇದೆಯೋ?

ಕುರ್‌ಆನಿನ ಎರಡನೇ ಅಧ್ಯಾಯದ 197ನೇ ಸೂಕ್ತ ಹಜ್ಜ್‌ನ ಸಂಕಲ್ಪ ಮಾಡಿದವನಿಗೆ ಮೂರು ವಿಷಯಗಳನ್ನು ನಿಷೇಧಿಸುತ್ತದೆ: ರಫಸ್, ಫುಸೂಕ್, ಜಿದಾಲ್. ಎರಡನೆಯದು ಪಾಪಕೃತ್ಯ, ಮೂರನೆಯದು ಜಗಳ. ಮೊದಲನೆಯ ಪದವೇ ನಮ್ಮ ಇಡೀ ವಿಷಯದ ಬೇರು. ಸಂಭೋಗ, ಅದಕ್ಕೆ ಮುನ್ನುಡಿಯಾಗುವ ಚುಂಬನ ಮತ್ತು ಕಾಮಭಾವದ ಸ್ಪರ್ಶ, ಗಂಡ ಹೆಂಡತಿಯ ನಡುವಿನ ಆ ಬಗೆಯ ಮಾತು ಎಲ್ಲವೂ ಅದರೊಳಗೆ ಬರುತ್ತವೆ. ಆದರೆ ಎಲ್ಲಕ್ಕೂ ಒಂದೇ ತೂಕವಿಲ್ಲ. ಇಹ್ರಾಮಿನ ನಿಷೇಧಗಳಲ್ಲಿ ಹಜ್ಜನ್ನೇ ಕೆಡಿಸುವ ಶಕ್ತಿ ಸಂಭೋಗಕ್ಕಿರುವಂತೆ ಬೇರೆ ಯಾವುದಕ್ಕೂ ಇಲ್ಲ. ಸುಗಂಧ ಪೂಸಿದರೆ, ಉಗುರು ಕತ್ತರಿಸಿದರೆ ದಂಡ ತೆತ್ತು ಮುಗಿಸಬಹುದು.

ಮನೆಯಿಂದ ಹೊರಡುವ ಹಿಂದಿನ ರಾತ್ರಿಯಿಂದಲೇ ಬೇರೆ ಮಲಗಬೇಕು ಎಂದು ನಮ್ಮ ಅತ್ತೆ ಹೇಳುತ್ತಾರೆ. ನಿಜವೇ?

ಅತ್ತೆಯವರ ಭಯಭಕ್ತಿಗೆ ಗೌರವ ಕೊಡೋಣ, ಆದರೆ ಹಾಗೊಂದು ನಿಯಮವಿಲ್ಲ. ಪ್ರವಾದಿ(ಸ)ಯವರ ಪತ್ನಿ ಆಯಿಶಾ(ರ) ಸ್ವತಃ ಹೇಳಿದ ವರದಿ ಇದೆ: ಅವರು ಪ್ರವಾದಿಯವರಿಗೆ ಸುಗಂಧ ಹಚ್ಚಿದರು, ಪ್ರವಾದಿಯವರು ಪತ್ನಿಯರ ಬಳಿ ಹೋಗಿ ಬಂದರು, ಬೆಳಿಗ್ಗೆ ಇಹ್ರಾಂ ಧರಿಸಿದರು. ಇಹ್ರಾಮಿಗೆ ಮುಂಚೆ ಸ್ನಾನ ಹೇಗೂ ಸುನ್ನತ್, ಅಂದರೆ ಪ್ರವಾದಿಯವರ ರೂಢಿ.

ಹಾಗಾದರೆ ನಲವತ್ತು ದಿನವೂ ದೂರ ಇರಬೇಕೇ?

ಈ ಪ್ರಶ್ನೆ ಬಂದಾಗಲೆಲ್ಲ ನಾನು ಬೆರಳು ಮಡಿಚಿ ಲೆಕ್ಕ ತೋರಿಸುತ್ತೇನೆ. ಹಜ್ ಸಮಿತಿಯ ಮೂಲಕ ಹೋಗುವವರ ಪ್ರವಾಸ ಸುಮಾರು 40 ದಿನ ಇರಬಹುದು, ಇಹ್ರಾಂ 40 ದಿನ ಇರುವುದಿಲ್ಲ. ನಮ್ಮವರಲ್ಲಿ ಹೆಚ್ಚಿನವರು ಮಾಡುವುದು ತಮತ್ತುಅ್ ಹಜ್ಜ್. ಮೊದಲು ಉಮ್ರಾ ಮಾಡಿ, ಕೂದಲು ತೆಗೆದು ಇಹ್ರಾಮಿನಿಂದ ಹೊರಬರುತ್ತಾರೆ. ಮತ್ತೆ ಹಜ್ಜ್ ನಡೆಯುವ ತಿಂಗಳಾದ ದುಲ್‌ಹಜ್ಜ್ 8ರಂದು ಹಜ್ಜ್‌ಗಾಗಿ ಇಹ್ರಾಂ ಧರಿಸುತ್ತಾರೆ. ಉಮ್ರಾದ ಇಹ್ರಾಂ ಹೆಚ್ಚೆಂದರೆ ಒಂದು ದಿನ. ಹಜ್ಜ್‌ನದು 8ರಿಂದ ಶುರುವಾಗಿ 10ರಂದು ಅಥವಾ ತವಾಫ್ (ಕಾಬಾದ ಪ್ರದಕ್ಷಿಣೆ) ತಡವಾದರೆ 12ರಂದು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಎಲ್ಲ ಸೇರಿ ನಾಲ್ಕೈದು ದಿನ. ನಡುವಿನ ದಿನಗಳಲ್ಲಿ ಮಕ್ಕಾದಲ್ಲಿರಲಿ, ಮದೀನಾದಲ್ಲಿರಲಿ, ದಾಂಪತ್ಯಕ್ಕೆ ತಡೆಯಿಲ್ಲ.

ಇಫ್ರಾದ್ (ಹಜ್ಜ್ ಮಾತ್ರ) ಅಥವಾ ಖಿರಾನ್ (ಒಂದೇ ಇಹ್ರಾಮಿನಲ್ಲಿ ಉಮ್ರಾ, ಹಜ್ಜ್ ಎರಡೂ) ವಿಧಾನದಲ್ಲಿ ಹಜ್ಜ್ ಮಾಡುವವರ ಮಾತು ಬೇರೆ. ಮೀಖಾತಿನಲ್ಲಿ ಧರಿಸಿದ ಇಹ್ರಾಂ 10ರ ತನಕ ಬಿಚ್ಚುವುದಿಲ್ಲ. ಹದಿನೈದು ದಿನ ಮುಂಚೆ ಹೋದರೆ ಹದಿನೈದು ದಿನವೂ ಇಹ್ರಾಮೇ.

ಮಕ್ಕಾದಂಥ ಪವಿತ್ರ ಊರಿನಲ್ಲಿ, ಕಾಬಾ ಕಾಣುವ ಕೋಣೆಯಲ್ಲಿ ಇದೆಲ್ಲ ಸರಿಯೇ? ಮನಸ್ಸು ಒಪ್ಪುವುದಿಲ್ಲ.

ಮನಸ್ಸು ಒಪ್ಪದಿದ್ದರೆ ಯಾರ ಒತ್ತಾಯವೂ ಇಲ್ಲ. ಆದರೆ ಇದೇ ಸಂಕೋಚ ಪ್ರವಾದಿಯವರ ಸಂಗಾತಿಗಳಿಗೂ ಬಂದಿತ್ತು. ಹಿಜರಿ 10, ಅಂದರೆ ಕ್ರಿ.ಶ. 632ರ ವಿದಾಯದ ಹಜ್ಜ್‌ನಲ್ಲಿ ಬಲಿಪ್ರಾಣಿ ತಂದಿರದವರೆಲ್ಲ ಉಮ್ರಾ ಮುಗಿಸಿ ಇಹ್ರಾಮಿನಿಂದ ಹೊರಬರಬೇಕೆಂದು ಪ್ರವಾದಿ(ಸ) ಆದೇಶಿಸಿದರು. ದುಲ್‌ಹಜ್ಜ್ 9ರಂದು ಯಾತ್ರಿಕರೆಲ್ಲ ಅರಫಾ ಬಯಲಿನಲ್ಲಿ ಸೇರಬೇಕು, ಅದಕ್ಕೆ ಉಳಿದದ್ದು ಕೆಲವೇ ದಿನ. ‘ಯಾವ ಬಗೆಯ ಬಿಡುಗಡೆ?’ ಎಂದು ಕೇಳಿದರು. ‘ಸಂಪೂರ್ಣ ಬಿಡುಗಡೆ’ ಎಂಬ ಉತ್ತರ ಬಂತು. ಹೆಂಡತಿಯರ ಬಳಿ ಹೋಗಿ, ಅಂಗದಿಂದ ವೀರ್ಯ ತೊಟ್ಟಿಕ್ಕುತ್ತಿರುವಾಗಲೇ ಮಿನಾಕ್ಕೆ ಹೊರಡುವುದೇ ಎಂದು ಅವರು ಬೆರಗಿನಿಂದ ಆಡಿದ ಮಾತನ್ನು ಸಂಗಾತಿ ಜಾಬಿರ್(ರ) ಅವರ ಹದೀಸ್ (ವರದಿ) ಮುಚ್ಚುಮರೆಯಿಲ್ಲದೆ ದಾಖಲಿಸಿದೆ. ಆದೇಶ ಬದಲಾಗಲಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ದೃಶ್ಯವಿದೆ. ಪ್ರವಾದಿಯವರ ಅಳಿಯ ಅಲೀ(ರ) ಯಮನಿನಿಂದ ಬಂದು ನೋಡಿದರೆ ಪತ್ನಿ ಫಾತಿಮಾ(ರ) ಬಣ್ಣದ ಬಟ್ಟೆ ಉಟ್ಟು, ಕಣ್ಣಿಗೆ ಸುರ್ಮಾ ಹಚ್ಚಿಕೊಂಡಿದ್ದಾರೆ. ಇದೇನೆಂದು ಅಸಮಾಧಾನದಿಂದ ಕೇಳಿದರು. ‘ನನ್ನ ತಂದೆಯೇ ಹೇಳಿದ್ದು’ ಎಂದರು ಫಾತಿಮಾ. ವಿಚಾರಿಸಿದಾಗ ಆಕೆ ಹೇಳಿದ್ದು ನಿಜವೆಂದು ಪ್ರವಾದಿಯವರು ತಿಳಿಸಿದರು. ಪ್ರವಾದಿಯವರ ನಿಯ್ಯತ್ ಏನೋ ಅದೇ ನನ್ನದೂ ಎಂದು ಇಹ್ರಾಂ ಧರಿಸಿದ್ದ ಅಲೀ ಮಾತ್ರ ಇಹ್ರಾಮಿನಲ್ಲೇ ಉಳಿಯಬೇಕಾಯಿತು. ಒಂದೇ ಮನೆಯಲ್ಲಿ ಹೆಂಡತಿ ಹೊರಗೆ, ಗಂಡ ಒಳಗೆ!

## ಮುಟ್ಟುವುದು, ಮಾತು, ಮನಸ್ಸು

ತವಾಫಿನ ನೂಕುನುಗ್ಗಲಿನಲ್ಲಿ ಹೆಂಡತಿಯ ಕೈ ಹಿಡಿಯದೆ ಇರಲು ಆಗುತ್ತದೆಯೇ?

ಇಹ್ರಾಮಿನ ದೃಷ್ಟಿಯಿಂದ ಕೈ ಹಿಡಿಯುವುದರಲ್ಲಿ ತಪ್ಪಿಲ್ಲ. ನಿಷೇಧ ಇರುವುದು ಕಾಮಭಾವದ ಸ್ಪರ್ಶಕ್ಕೆ. ಜನಸಾಗರದಲ್ಲಿ ಕಳೆದುಹೋಗದಂತೆ ಹಿಡಿದ ಕೈಗಲ್ಲ.

ಶಾಫಿಈಗಳಿಗೆ ತೊಡಕು ಇರುವುದು ಬೇರೆ ಕಡೆ: ವುಝೂವಿನಲ್ಲಿ, ಅಂದರೆ ನಮಾಝಿಗೆ ಮುಂಚಿನ ಅಂಗಶುದ್ಧಿಯಲ್ಲಿ. ಆ ಮದ್‌ಹಬ್ ಪ್ರಕಾರ ಗಂಡ ಹೆಂಡತಿಯ ಚರ್ಮಕ್ಕೆ ಚರ್ಮ ತಾಗಿದರೆ, ಭಾವನೆ ಏನೇ ಇರಲಿ, ಇಬ್ಬರ ವುಝೂ ಕೂಡ ಮುರಿಯುತ್ತದೆ. ತವಾಫಿಗೆ ವುಝೂ ಶರತ್ತು. ಕೈಗವಸು ಹಾಕೋಣವೆಂದರೆ ಇಹ್ರಾಮಿನಲ್ಲಿರುವ ಹೆಂಗಸಿಗೆ ಅದು ನಿಷಿದ್ಧ. ಹಾಗಾಗಿ ಕರಾವಳಿಯ ಉಸ್ತಾದರು ಶಿಬಿರದಲ್ಲಿ ಕೈಯಲ್ಲೇ ಮಾಡಿ ತೋರಿಸುತ್ತಾರೆ: ಬುರ್ಖಾದ ಉದ್ದ ತೋಳನ್ನು ಬೆರಳ ತುದಿಯವರೆಗೆ ಇಳಿಬಿಟ್ಟು, ಗಂಡ ಆ ಬಟ್ಟೆಯ ಮೇಲಿನಿಂದ ಮಣಿಕಟ್ಟು ಹಿಡಿಯಬೇಕು. ಎಷ್ಟು ಎಚ್ಚರ ವಹಿಸಿದರೂ ಅಪರಿಚಿತ ಹೆಂಗಸರ ಕೈ ತಾಗುವುದು ಅಲ್ಲಿ ತಪ್ಪುವುದಿಲ್ಲ. ಆದ್ದರಿಂದ ತವಾಫಿನ ಮಟ್ಟಿಗೆ ಹನಫಿ ಮದ್‌ಹಬ್ ಅನುಸರಿಸಲು ಅನೇಕ ಶಾಫಿಈ ವಿದ್ವಾಂಸರು ಅನುಮತಿ ಕೊಡುತ್ತಾರೆ. ಹನಫಿಗಳಲ್ಲಿ ಬರೀ ಸ್ಪರ್ಶದಿಂದ ವುಝೂ ಹೋಗುವುದಿಲ್ಲ. ಆದರೆ ಹಾಗೆ ಅನುಸರಿಸುವವರು ವುಝೂವನ್ನೂ ಹನಫಿ ಕ್ರಮದಲ್ಲೇ ಮಾಡಬೇಕು. ಶಾಫಿಈಗಳ ಹಾಗೆ ನಾಲ್ಕು ಕೂದಲು ಸವರಿದರೆ ಸಾಲದು, ತಲೆಯ ಕಾಲು ಭಾಗವಾದರೂ ಸವರಬೇಕು. ಈ ಸಣ್ಣ ವಿಷಯವನ್ನು ಮರೆಯುವವರೇ ಹೆಚ್ಚು.

ಅಭ್ಯಾಸಬಲದಿಂದ ಹೆಂಡತಿಗೆ ಮುತ್ತು ಕೊಟ್ಟುಬಿಟ್ಟೆ. ಹಜ್ಜ್ ಹೋಯಿತೇ?

ಹೋಗಲಿಲ್ಲ. ಕಾಮಭಾವವಿಲ್ಲದೆ, ಹಣೆಗೆ ವಾತ್ಸಲ್ಯದಿಂದ ಕೊಟ್ಟದ್ದಾದರೆ ದಂಡವೂ ಇಲ್ಲ. ಕಾಮಭಾವದಿಂದಾದರೆ ಹನಫಿಗಳಲ್ಲಿ ದಮ್ ಕಡ್ಡಾಯ, ಅಂದರೆ ಮಕ್ಕಾದ ಪವಿತ್ರ ವಲಯವಾದ ಹರಮ್‌ನ ಎಲ್ಲೆಯೊಳಗೆ ಒಂದು ಕುರಿ ಅಥವಾ ಆಡಿನ ಬಲಿ. ಸ್ಖಲನವಾಗಲಿ ಆಗದಿರಲಿ, ದಂಡ ಅಷ್ಟೇ. ಶಾಫಿಈಗಳಲ್ಲಿ ಫಿದ್ಯಾ ಇದೆ, ಅದರಲ್ಲಿ ಆಯ್ಕೆಯೂ ಇದೆ: ಒಂದು ಕುರಿ, ಅಥವಾ ಮೂರು ದಿನದ ಉಪವಾಸ, ಅಥವಾ ಆರು ಮಂದಿ ಬಡವರಿಗೆ ಆಹಾರ. ಎರಡೂ ಕಡೆ ಹಜ್ಜ್ ಊರ್ಜಿತ. ಮಾಲಿಕಿ ಮದ್‌ಹಬ್ ಇಲ್ಲಿ ಬಿಗಿ: ಚುಂಬನದಿಂದ ಸ್ಖಲನವಾದರೆ ಹಜ್ಜೇ ಕೆಡುತ್ತದೆ ಎನ್ನುತ್ತದೆ.

ನಿದ್ದೆಯಲ್ಲಿ ಸ್ಖಲನವಾದರೆ?

ಏನೂ ದಂಡವಿಲ್ಲ. ಕಡ್ಡಾಯ ಸ್ನಾನ ಮಾಡಿ, ಬಟ್ಟೆ ತೊಳೆದುಕೊಳ್ಳಿ ಅಥವಾ ಬದಲಾಯಿಸಿ. ಸೋಪು ಮಾತ್ರ ಸುಗಂಧವಿಲ್ಲದ್ದಾಗಿರಲಿ. ಸ್ನಾನದ ಗಡಿಬಿಡಿಯಲ್ಲಿ ಹೋಟೆಲಿನವರು ಇಟ್ಟ ಪರಿಮಳದ ಸೋಪು ಹಚ್ಚಿ ಇಲ್ಲದ ತೊಂದರೆ ತಂದುಕೊಂಡವರಿದ್ದಾರೆ. ಮನಸ್ಸಿಗೆ ತಾನಾಗಿ ಬಂದುಹೋಗುವ ಯೋಚನೆಗೂ ದಂಡವಿಲ್ಲ. ಹಸ್ತಮೈಥುನಕ್ಕೆ ಮಾತ್ರ ಹನಫಿಗಳಲ್ಲಿ ದಮ್, ಶಾಫಿಈಗಳಲ್ಲಿ ಫಿದ್ಯಾ ಇದೆ.

ಹೆಂಡತಿ ಊರಿನಲ್ಲಿದ್ದಾಳೆ, ನಾನೊಬ್ಬನೇ ಇಹ್ರಾಮಿನಲ್ಲಿದ್ದೇನೆ. ವಿಡಿಯೋ ಕರೆಯಲ್ಲಿ ಮಾತಾಡಬಹುದೇ?

ಮಕ್ಕಳ ಶಾಲೆ, ಅಮ್ಮನ ಮಾತ್ರೆ, ತೋಟದ ಕೆಲಸ ಎಲ್ಲ ಮಾತಾಡಿ. ಸರಸದ ಮಾತು ಬೇಡ, ಅದು ರಫಸ್ ಆಗುತ್ತದೆ. ಹೆಂಡತಿಗೆ ಇಹ್ರಾಂ ಇಲ್ಲದಿರಬಹುದು, ನಿಮಗಿದೆ.

ಮಾತಿನ ಗಡಿ ಎಲ್ಲಿ ಎಂಬುದು ಹಳೆಯ ಚರ್ಚೆ. ಪ್ರವಾದಿಯವರ ಸಂಗಾತಿ ಇಬ್ನು ಅಬ್ಬಾಸ್(ರ) ಒಮ್ಮೆ ಇಹ್ರಾಮಿನಲ್ಲಿ ಒಂಟೆ ಹೊಡೆಯುತ್ತಾ ತುಸು ಪೋಲಿಯಾದ ಹಳೆಯ ಪದ್ಯದ ಸಾಲೊಂದನ್ನು ಹಾಡಿಕೊಂಡರು. ಪಕ್ಕದಲ್ಲಿದ್ದವರು ದಂಗಾಗಿ, ‘ಇಹ್ರಾಮಿನಲ್ಲಿ ರಫಸ್ ಆಡುತ್ತೀರಾ?’ ಎಂದು ಕೇಳಿದರು. ಹೆಂಗಸರ ಎದುರು ಆಡಿದರೆ ಮಾತ್ರ ಅದು ರಫಸ್ ಎಂದು ಅವರು ಉತ್ತರ ಕೊಟ್ಟರು. ಎಲ್ಲ ವಿದ್ವಾಂಸರೂ ಅಷ್ಟು ಸಡಿಲ ಬಿಟ್ಟಿಲ್ಲ. ಆದರೆ ಮಾತಿನಿಂದಷ್ಟೇ ಹಜ್ಜ್ ಕೆಡುವುದಿಲ್ಲ, ಬಲಿಯೂ ಬೇಕಿಲ್ಲ. ಪುಣ್ಯ ಕುಂದುತ್ತದೆ, ಪಶ್ಚಾತ್ತಾಪ ಬೇಕು.

## ಬಿಡುಗಡೆಯ ಎರಡು ಹಂತ

ದುಲ್‌ಹಜ್ಜ್ 10ರಂದು ಮಿನಾದಲ್ಲಿ ಸೈತಾನನ ಸಂಕೇತದ ಕಂಬಕ್ಕೆ ಕಲ್ಲೆಸೆದು, ತಲೆ ಬೋಳಿಸಿ, ಸ್ನಾನ ಮಾಡಿ ಅಂಗಿ ಪ್ಯಾಂಟು ಹಾಕಿದೆ. ಇನ್ನು ಎಲ್ಲ ಮುಗಿಯಿತಲ್ಲವೇ?

ಹೆಚ್ಚು ಜನ ಎಡವುವ ಜಾಗ ಇದೇ. ಬಟ್ಟೆ, ಸುಗಂಧ, ಉಗುರು ಎಲ್ಲದರ ನಿಷೇಧ ಹೋಯಿತು ನಿಜ. ಇದು ಮೊದಲ ಬಿಡುಗಡೆ. ಹೆಂಡತಿಯ ವಿಷಯ ಮಾತ್ರ ತವಾಫೆ ಝಿಯಾರತ್ ಮುಗಿಯುವ ತನಕ ಉಳಿದಿರುತ್ತದೆ. ಇದನ್ನೇ ತವಾಫುಲ್ ಇಫಾಳಾ ಎಂದೂ ಕರೆಯುತ್ತಾರೆ. ಮೂರು ದಿನ ಟೆಂಟಿನಲ್ಲಿ ಧೂಳು ಕುಡಿದವನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿದ ಕೂಡಲೇ ಹಜ್ಜ್ ಮುಗಿದ ಹಾಗೆ ಅನ್ನಿಸುವುದು ಸಹಜ. ಅಂಗಿಯನ್ನು ನಂಬಬೇಡಿ.

ಹನಫಿಗಳಲ್ಲಿ ಮೊದಲ ಬಿಡುಗಡೆಯ ಕೀಲಿ ಕೂದಲು ತೆಗೆಯುವುದು. ತಮತ್ತುಅ್ ಮಾಡುವವರು ಕಲ್ಲೆಸೆತ, ಬಲಿ, ಕೂದಲು ಈ ಅನುಕ್ರಮವನ್ನು ಪಾಲಿಸಬೇಕು. ಬಲಿ ಆಯಿತೆಂದು ತಂಡದ ಮುಖಂಡರಿಂದ ಸುದ್ದಿ ಬರುವವರೆಗೂ ಕ್ಷೌರಕ್ಕೆ ಕೂರದೆ ಮೊಬೈಲ್ ನೋಡುತ್ತಾ ಕಾಯುವವರು ಹನಫಿಗಳು. ಶಾಫಿಈಗಳಲ್ಲಿ ಕಲ್ಲೆಸೆತ, ಕೂದಲು, ತವಾಫ್ ಈ ಮೂರರಲ್ಲಿ ಯಾವುದೇ ಎರಡು ಆದರೆ ಮೊದಲ ಬಿಡುಗಡೆ, ಮೂರನೆಯದೂ ಆದರೆ ಎರಡನೆಯದು.

ತವಾಫ್ ಆಯಿತು, ಸಯೀ (ಸಫಾ, ಮರ್ವಾ ಗುಡ್ಡಗಳ ನಡುವಿನ ನಡಿಗೆ) ನಾಳೆ ಮಾಡೋಣ ಎಂದು ಕೋಣೆಗೆ ಬಂದೆವು. ಈಗ?

ಹನಫಿಗಳಾದರೆ, ಕೂದಲು ತೆಗೆದ ನಂತರ ತವಾಫ್ ಮಾಡಿದ್ದರೆ ಪೂರ್ಣ ಬಿಡುಗಡೆ ಆಗಿದೆ. ಸಯೀ ಪ್ರತ್ಯೇಕ ವಾಜಿಬ್ (ಕಡ್ಡಾಯ ಕರ್ಮ) ಆಗಿ ಬಾಕಿ ಇರುತ್ತದೆ. ಶಾಫಿಈಗಳಲ್ಲಿ ಸಯೀ ಹಜ್ಜ್‌ನ ಸ್ತಂಭ, ತವಾಫಿನ ಲೆಕ್ಕಕ್ಕೇ ಸೇರಿದ್ದು. ಅದು ಮುಗಿಯದೆ ಹೆಂಡತಿಯ ಹತ್ತಿರ ಹೋಗುವಂತಿಲ್ಲ. ಕರಾವಳಿಯ ದಂಪತಿ ಕಾಲು ನೋವೆಂದು ಸಯೀ ಮುಂದೂಡಿದರೆ ಉಳಿದದ್ದನ್ನೂ ಮುಂದೂಡಬೇಕು.

ನನ್ನ ತವಾಫ್ ಮುಗಿದಿದೆ. ಹೆಂಡತಿಗೆ ಮುಟ್ಟಾದ್ದರಿಂದ ಆಕೆಯದು ಬಾಕಿ.

ಇಬ್ಬರಲ್ಲಿ ಒಬ್ಬರು ಇಹ್ರಾಮಿನಲ್ಲಿ ಉಳಿದಿದ್ದರೂ ನಿಷೇಧ ಉಳಿದಂತೆಯೇ. ಮುಟ್ಟಿನ ದಿನಗಳಲ್ಲಿ ಸಂಭೋಗ ಹೇಗೂ ಇಲ್ಲ. ಇಲ್ಲಿ ನೆನಪಿಡಬೇಕಾದ್ದು ಎರಡು: ಕಾಮಭಾವದ ಸ್ಪರ್ಶಕ್ಕೂ ತಡೆಯಿದೆ, ಮತ್ತು ಮುಟ್ಟು ನಿಂತು ಸ್ನಾನವಾದ ಕೂಡಲೇ ತಡೆ ಹೋಗುವುದಿಲ್ಲ, ತವಾಫ್ ಆಗಬೇಕು. ವಿದಾಯದ ಹಜ್ಜ್‌ನ ದಾರಿಯಲ್ಲಿ ಸರಿಫ್ ಎಂಬಲ್ಲಿ ಆಯಿಶಾ(ರ) ಅವರಿಗೆ ಮುಟ್ಟಾಗಿ ಅತ್ತಾಗ, ಇದು ಆದಮರ ಹೆಣ್ಣುಮಕ್ಕಳಿಗೆಲ್ಲ ಅಲ್ಲಾಹನು ವಿಧಿಸಿದ್ದು, ತವಾಫ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡು ಎಂದು ಪ್ರವಾದಿಯವರು ಸಮಾಧಾನ ಹೇಳಿದ್ದರು. ಹನಫಿಗಳಲ್ಲಿ ಈ ತವಾಫನ್ನು 12ರ ಸೂರ್ಯಾಸ್ತದೊಳಗೆ ಮಾಡದಿದ್ದರೆ ದಮ್ ಬರುತ್ತದೆ, ಮುಟ್ಟಿನಿಂದ ತಡವಾದರೆ ಬರುವುದಿಲ್ಲ.

ಮುಟ್ಟು ಮುಂದೂಡುವ ಮಾತ್ರೆಯ ಬಗ್ಗೆ ಜೊತೆಗೇ ಕೇಳುತ್ತಾರೆ. ಅನೇಕ ವಿದ್ವಾಂಸರು ಅನುಮತಿಸಿದ್ದಾರೆ, ಆದರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಪಕ್ಕದ ಕೋಣೆಯವರ ಪಟ್ಟಿಯಿಂದ ಒಂದು ಮಾತ್ರೆ ಇಸಿದುಕೊಂಡಲ್ಲ. 

ವಿಮಾನದ ದಿನಾಂಕ ಬಂತು, ಆ ತವಾಫ್ ಮಾಡದೆಯೇ ಊರಿಗೆ ಬಂದುಬಿಟ್ಟೆವು.

ಗಂಭೀರ ವಿಷಯ. ಬಿಟ್ಟುಹೋದದ್ದು ಮಕ್ಕಾ ಬಿಡುವಾಗ ಮಾಡುವ ವಿದಾಯದ ತವಾಫ್ ಆಗಿದ್ದರೆ ಮುಟ್ಟಾದವರಿಗೆ ವಿನಾಯಿತಿ ಇದೆ. ಪ್ರವಾದಿಯವರ ಪತ್ನಿ ಸಫಿಯ್ಯಾ(ರ) ಅವರಿಗೆ ಮುಟ್ಟಾದಾಗ, ಇಫಾಳಾ ತವಾಫ್ ಮುಗಿದಿದೆ ಎಂದು ತಿಳಿದ ಮೇಲೆ ಪ್ರವಾದಿಯವರು ಹೊರಡಲು ಹೇಳಿದರು. ಇಫಾಳಾಕ್ಕೆ ಆ ವಿನಾಯಿತಿ ಇಲ್ಲ. ಊರಿಗೆ ಬಂದರೂ ದಾಂಪತ್ಯದ ನಿಷೇಧ ಮುಂದುವರಿಯುತ್ತದೆ. ಮರಳಿ ಹೋಗಿ ತವಾಫ್ ಮಾಡಬೇಕು. ಹಾಗಾಗಿಯೇ ಅನಿವಾರ್ಯ ಸಂದರ್ಭದಲ್ಲಿ ಮುಟ್ಟಿನಲ್ಲೇ ತವಾಫ್ ಮಾಡಿದರೆ ಏನೆಂಬ ಚರ್ಚೆ ಗ್ರಂಥಗಳಲ್ಲಿದೆ: ಹನಫಿಗಳ ಪ್ರಕಾರ ಅದು ಪಾಪ, ಆದರೂ ತವಾಫ್ ಸಿಂಧು, ದಂಡವಾಗಿ ಒಂಟೆ ಅಥವಾ ಹಸುವಿನ ಬಲಿ. ನಿಜವಾಗಿಯೂ ಬೇರೆ ದಾರಿಯಿಲ್ಲದ ಹೆಂಗಸಿಗೆ ಮಧ್ಯಕಾಲದ ವಿದ್ವಾಂಸ ಇಬ್ನು ತೈಮಿಯ್ಯಾ ದಂಡವಿಲ್ಲದೆಯೇ ಅನುಮತಿಸಿದ್ದಾರೆ. ವಿಮಾನ ಹತ್ತುವ ಮುಂಚೆ ತಂಡದ ವಿದ್ವಾಂಸರಿಗೆ ತಿಳಿಸಿ. ಟಿಕೆಟ್ ಬದಲಾಯಿಸಿಕೊಟ್ಟ ಉದಾಹರಣೆಗಳನ್ನು ನಾನೇ ನೋಡಿದ್ದೇನೆ.

## ತಪ್ಪು ನಡೆದುಹೋದರೆ

ಅರಫಾಕ್ಕೆ ಮುಂಚೆ, ಹಜ್ಜ್‌ನ ಇಹ್ರಾಮಿನಲ್ಲಿ ಸಂಭೋಗ ನಡೆದರೆ?

ಎಲ್ಲ ಮದ್‌ಹಬ್‌ಗಳೂ ಒಂದೇ ಮಾತು ಹೇಳುತ್ತವೆ: ಹಜ್ಜ್ ಕೆಟ್ಟಿತು. ಆದರೆ ಬಿಟ್ಟು ಬರುವಂತಿಲ್ಲ! ನಮಾಝ್ ಮುರಿದರೆ ಮತ್ತೆ ಕಟ್ಟುತ್ತೇವೆ, ಇದು ಹಾಗಲ್ಲ. ರಂಝಾನಿನ ಹಗಲಿನಲ್ಲಿ ಉಪವಾಸ ಮುರಿದವನು ಸಂಜೆಯವರೆಗೆ ಉಣ್ಣದೆ ಇರುವ ಹಾಗೆ, ಕೆಟ್ಟ ಹಜ್ಜನ್ನೂ ಅರಫಾ, ಮುಝ್ದಲಿಫಾ, ಮಿನಾ ಎಲ್ಲ ಕ್ರಮದಿಂದ ಪೂರೈಸಬೇಕು. ಆಮೇಲೆ ಮುಂದಿನ ವರ್ಷ ಖಝಾ, ಅಂದರೆ ಬದಲಿ ಹಜ್ಜ್. ಮೇಲಿನಿಂದ ದಂಡ: ಹನಫಿಗಳಲ್ಲಿ ತಲಾ ಒಂದು ಕುರಿ, ಶಾಫಿಈಗಳಲ್ಲಿ ಒಂಟೆ. ಒಂಟೆ ಸಿಗದಿದ್ದರೆ ಹಸು, ಅದೂ ಇಲ್ಲದಿದ್ದರೆ ಏಳು ಕುರಿ. ಅದಕ್ಕೂ ಶಕ್ತಿಯಿಲ್ಲದವನು ಒಂಟೆಯ ಬೆಲೆಯಷ್ಟು ಧಾನ್ಯ ಹಂಚಬೇಕು, ಆಗದಿದ್ದರೆ ಆ ಧಾನ್ಯದ ಪ್ರತಿ ಮುದ್ದ್ ಅಳತೆಗೆ ಒಂದರಂತೆ ಉಪವಾಸ ಹಿಡಿಯಬೇಕು.

ಅರಫಾ ಮುಗಿದ ಮೇಲೆ, ಕೂದಲು ತೆಗೆಯುವ ಮುಂಚೆ ನಡೆದರೆ ಲೆಕ್ಕ ಬದಲಾಗುತ್ತದೆಯೇ?

ಎರಡು ಮದ್‌ಹಬ್‌ಗಳು ಅತಿ ಹೆಚ್ಚು ದೂರ ನಿಲ್ಲುವುದು ಇಲ್ಲಿ. ‘ಹಜ್ಜ್ ಎಂದರೆ ಅರಫಾ’ ಎಂಬ ಪ್ರವಾದಿ ವಚನವನ್ನು ಹಿಡಿದು ಹನಫಿಗಳು, ಅರಫಾ ಸಿಕ್ಕವನ ಹಜ್ಜ್ ಇನ್ನು ಕೆಡುವುದಿಲ್ಲ ಎನ್ನುತ್ತಾರೆ. ಆದರೆ ದಂಡ ಹಿಗ್ಗುತ್ತದೆ: ಕುರಿಯ ಬದಲು ಒಂಟೆ ಅಥವಾ ಹಸು. ಶಾಫಿಈಗಳೂ ಹಂಬಲಿಗಳೂ ಗೆರೆ ಎಳೆಯುವುದು ಅರಫಾದಲ್ಲಲ್ಲ, ಮೊದಲ ಬಿಡುಗಡೆಯಲ್ಲಿ. ಅದಕ್ಕೆ ಮುಂಚೆ ನಡೆದರೆ ಹಜ್ಜ್ ಕೆಟ್ಟಿತು.

ವಿಚಿತ್ರವೆಂದರೆ ಹನಫಿಗಳಲ್ಲಿ ಹಜ್ಜ್ ಕೆಟ್ಟಾಗ ಕುರಿ, ಕೆಡದಿದ್ದಾಗ ಒಂಟೆ. ಇದೇಕೆ ಹೀಗೆ ಎಂದು ಶಿಬಿರದಲ್ಲಿ ಒಬ್ಬ ನಿವೃತ್ತ ಲೆಕ್ಕಪತ್ರಗಾರರು ಪಟ್ಟು ಹಿಡಿದು ಕೇಳಿದ್ದರು. ಮೌಲಾನಾ ನಕ್ಕು ಹೇಳಿದರು: ಮೊದಲಿನವನು ಇಡೀ ಹಜ್ಜನ್ನೇ ಮತ್ತೊಮ್ಮೆ ತೆರಬೇಕು, ಅವನ ಬಾಕಿ ಅಲ್ಲಿ ತೀರುತ್ತದೆ. ಎರಡನೆಯವನಿಗೆ ಹಜ್ಜ್ ಉಳಿಯಿತು, ದಂಡವೇ ಅವನು ತೆರುವ ಬೆಲೆ. ಲೆಕ್ಕಪತ್ರಗಾರರಿಗೆ ಸಮಾಧಾನವಾಯಿತು.

ಮೊದಲ ಬಿಡುಗಡೆಯಾಗಿತ್ತು, ತವಾಫ್ ಆಗಿರಲಿಲ್ಲ.

ನಮ್ಮ ಎರಡೂ ಮದ್‌ಹಬ್‌ಗಳಲ್ಲಿ ಹಜ್ಜ್ ಊರ್ಜಿತ, ದಂಡ ಒಂದು ಕುರಿ. ತವಾಫ್ ಬಾಕಿಯೇ ಇದೆ, ಅದನ್ನು ಮಾಡಬೇಕು. ಹಂಬಲಿಗಳು ಇದರ ಜೊತೆಗೆ ಹರಮ್‌ನ ಎಲ್ಲೆಯಿಂದಾಚೆ ಹೋಗಿ ಇಹ್ರಾಂ ನವೀಕರಿಸಿ ಬಂದು ತವಾಫ್ ಮಾಡಲು ಹೇಳುತ್ತಾರೆ.

ಉಮ್ರಾದಲ್ಲಿ ಹೀಗಾದರೆ?

ಹನಫಿಗಳಲ್ಲಿ ತವಾಫಿನ ನಾಲ್ಕು ಸುತ್ತು ಮುಗಿಯುವ ಮುಂಚೆ ನಡೆದರೆ ಉಮ್ರಾ ಕೆಡುತ್ತದೆ. ಪೂರೈಸಿ, ಕುರಿ ಕೊಟ್ಟು, ಮತ್ತೆ ಉಮ್ರಾ ಮಾಡಬೇಕು. ನಾಲ್ಕು ಸುತ್ತಿನ ನಂತರ, ಕೂದಲು ತೆಗೆಯುವ ಮುಂಚೆಯಾದರೆ ಕುರಿ ಮಾತ್ರ. ಶಾಫಿಈಗಳಲ್ಲಿ ಕೂದಲು ತೆಗೆಯುವುದು ಸೇರಿ ಎಲ್ಲವೂ ಮುಗಿಯದಿದ್ದರೆ ಉಮ್ರಾ ಕೆಡುತ್ತದೆ, ದಂಡ ಒಂಟೆ. ಸಯೀ ಮುಗಿಸಿ ದಣಿದು ಕೋಣೆಗೆ ಬಂದು, ಕೂದಲು ಬೆಳಿಗ್ಗೆ ತೆಗೆದರಾಯಿತು ಎಂದು ಮಲಗುವವರು ಈ ಸಾಲನ್ನು ಎರಡು ಸಲ ಓದಲಿ. ಹೆಂಗಸರು ಕತ್ತರಿಸಬೇಕಾದ್ದು ಬೆರಳ ಗೆಣ್ಣಿನಷ್ಟು ಕೂದಲು. ಕತ್ತರಿ ಕೈಚೀಲದಲ್ಲೇ ಇರಲಿ.

ಗೊತ್ತಿರಲಿಲ್ಲ, ಮರೆತೆವು. ಅಥವಾ ಹೆಂಡತಿಗೆ ಇಷ್ಟವೇ ಇರಲಿಲ್ಲ. ಆಗಲೂ ದಂಡವೇ?

ಹನಫಿಗಳಲ್ಲಿ ಪರಿಣಾಮ ಒಂದೇ. ಮರೆವು, ಅಜ್ಞಾನ, ಬಲವಂತ ಇವು ಪಾಪವನ್ನು ತೆಗೆಯುತ್ತವೆ, ದಂಡವನ್ನಲ್ಲ. ದಂಡ ಇಬ್ಬರಿಗೂ ಪ್ರತ್ಯೇಕ. ಶಾಫಿಈಗಳಲ್ಲಿ ಮರೆತವರ, ನಿಜವಾಗಿಯೂ ತಿಳಿಯದವರ, ಬಲವಂತಕ್ಕೊಳಗಾದವರ ಹಜ್ಜ್ ಕೆಡುವುದಿಲ್ಲ, ದಂಡವೂ ಇಲ್ಲ. ಹೆಂಡತಿ ಒಪ್ಪಿದ್ದಾಗ ಆಕೆಯ ಹಜ್ಜೂ ಕೆಡುತ್ತದೆ, ಒಂಟೆಯ ಹೊರೆ ಮಾತ್ರ ಗಂಡನ ಮೇಲೆ.

ಬಲವಂತದ ಬಗ್ಗೆ ಚೀಟಿ ಬರೆದದ್ದು ಹೆಂಗಸೇ ಎಂದು ಅಕ್ಷರ ನೋಡಿದರೆ ತಿಳಿಯುತ್ತದೆ. ಇಹ್ರಾಮಿನಲ್ಲಿ ಗಂಡನಿಗೆ ‘ಇಲ್ಲ’ ಎನ್ನುವುದು ಹೆಂಡತಿಯ ಹಕ್ಕು ಮಾತ್ರವಲ್ಲ, ಕರ್ತವ್ಯ. ಇದನ್ನು ಗಂಡಸರ ಸಾಲಿನಲ್ಲೂ ಗಟ್ಟಿಯಾಗಿ ಓದಿ ಹೇಳಬೇಕೆಂದು ನಾನು ಪ್ರತಿ ಸಲ ಒತ್ತಾಯಿಸುತ್ತೇನೆ.

ದಂಡದ ಕುರಿಯನ್ನು ನಮ್ಮ ಊರಿನಲ್ಲೇ ಕೊಯ್ದು ಬಡವರಿಗೆ ಹಂಚಿದರೆ ಆಗದೇ?

ಆಗದು. ಬಲಿ ಹರಮ್‌ನ ಎಲ್ಲೆಯೊಳಗೆ ನಡೆಯಬೇಕು. ಮಾಂಸ ಅಲ್ಲಿನ ಬಡವರಿಗೇ ಹೋಗಬೇಕೆಂದು ಶಾಫಿಈಗಳು ಹೇಳುತ್ತಾರೆ, ಹನಫಿಗಳು ಹಂಚಿಕೆಯಲ್ಲಿ ಸ್ವಲ್ಪ ಸಡಿಲ. ದಂಡ ಕೊಟ್ಟವನು ಅದರಿಂದ ಒಂದು ತುಂಡನ್ನೂ ತಿನ್ನುವಂತಿಲ್ಲ. ಊರಿಗೆ ಬಂದ ಮೇಲೆ ನೆನಪಾದರೆ ಮಕ್ಕಾದಲ್ಲಿರುವ ನಂಬಿಕಸ್ಥರ ಮೂಲಕ ಮಾಡಿಸಬಹುದು.

## ಇನ್ನೂ ಸೂಕ್ಷ್ಮವಾದವು

ಮುಂದಿನ ವರ್ಷವೇ ಖಝಾ ಎನ್ನುತ್ತೀರಿ. ಮತ್ತೆ ಅವಕಾಶ ಸಿಗುವುದು ಹೇಗೆ?

ನ್ಯಾಯವಾದ ಪ್ರಶ್ನೆ. ಒಂಟೆ ಹತ್ತಿ ಹೊರಟವನನ್ನು ನೋಡಿ ಬರೆದ ನಿಯಮ ಇದು. 2024ರಲ್ಲಿ ಇಡೀ ಭಾರತಕ್ಕೆ ಸಿಕ್ಕ ಕೋಟಾ 1,75,025. ಹಜ್ ಸಮಿತಿಯ ಮೂಲಕ ಜೀವಮಾನದಲ್ಲಿ ಒಮ್ಮೆ ಎಂಬುದು ಸಾಮಾನ್ಯ ನಿಯಮ. ಉಳಿಯುವುದು ಖಾಸಗಿ ಟೂರ್, ಅದರ ವೆಚ್ಚ ಎ‌ಲ್ಲರಿಗೂ ಎಟುಕದು. ಸಾಧ್ಯವಿದ್ದೂ ಮುಂದೂಡಿದರೆ ತಪ್ಪು. ಸಾಧ್ಯವೇ ಇಲ್ಲದಿದ್ದರೆ ಅವಕಾಶ ಬಂದಾಗ ಮಾಡಬೇಕು, ಋಣ ಮಾತ್ರ ಉಳಿದಿರುತ್ತದೆ.

ಖಝಾ ಹಜ್ಜ್‌ಗೆ ಹೋದಾಗ ಗಂಡ ಹೆಂಡತಿ ಬೇರೆ ಬೇರೆ ಇರಬೇಕು ಎಂದು ಕೇಳಿದ್ದೇವೆ.

ಇದಕ್ಕೆ ಮೂಲವಿದೆ. ಇಂಥ ಪ್ರಕರಣ ಪ್ರವಾದಿಯವರ ಸಂಗಾತಿಗಳಾದ ಉಮರ್, ಅಲೀ, ಅಬೂಹುರೈರಾ(ರ) ಇವರ ಮುಂದೆ ಬಂದಾಗ, ಹಜ್ಜ್ ಪೂರೈಸಿ ಮುಂದಿನ ವರ್ಷ ಮತ್ತೆ ಮಾಡಿ, ಬಲಿ ಕೊಡಿ ಎಂದರು. ಮುಂದಿನ ಸಲ ಇಹ್ರಾಂ ಧರಿಸಿದಾಗ ಹಜ್ಜ್ ಮುಗಿಯುವವರೆಗೆ ಇಬ್ಬರೂ ಬೇರೆಯಾಗಿರಲಿ ಎಂದು ಅಲೀ ಸೇರಿಸಿದರು. ಶಾಫಿಈಗಳು ಇದನ್ನು ಅಪೇಕ್ಷಣೀಯ ಎನ್ನುತ್ತಾರೆ. ಮತ್ತೆ ಹಾಗಾಗುವ ಭಯವಿದ್ದರೆ ಬೇರೆಯಿರುವುದು ಒಳ್ಳೆಯದು ಎಂಬಷ್ಟಕ್ಕೆ ಹನಫಿಗಳು ನಿಲ್ಲುತ್ತಾರೆ.

ನಾನು ಹಜ್ಜ್‌ನಲ್ಲಿದ್ದೇನೆ, ಊರಿನಲ್ಲಿ ಮಗಳ ನಿಕಾಹ್ ನಿಗದಿಯಾಗಿದೆ. ಫೋನಿನಲ್ಲಿ ವಲಿಯಾಗಿ (ವಧುವಿನ ಪೋಷಕನಾಗಿ) ಒಪ್ಪಿಗೆ ಕೊಡಬಹುದೇ?

ಇಹ್ರಾಮಿನಲ್ಲಿರುವವನು ತಾನು ಮದುವೆಯಾಗಬಾರದು, ಬೇರೆಯವರಿಗೆ ಮಾಡಿಸಬಾರದು, ಪ್ರಸ್ತಾಪವನ್ನೂ ಇಡಬಾರದು ಎಂದು ಉಸ್ಮಾನ್(ರ) ವರದಿ ಮಾಡಿದ ಹದೀಸ್ ಇದೆ. ಅದರಂತೆ ಶಾಫಿಈಗಳಲ್ಲಿ ಇಂಥ ನಿಕಾಹ್ ಸಿಂಧುವಲ್ಲ, ಆ ಸ್ಥಿತಿಯಲ್ಲಿ ಬೇರೊಬ್ಬರನ್ನು ತನ್ನ ಪ್ರತಿನಿಧಿಯನ್ನಾಗಿ ಮಾಡಿದರೂ ಅಷ್ಟೇ. ಹನಫಿಗಳು ನಿಕಾಹ್ ಒಪ್ಪಂದವನ್ನು ಅನುಮತಿಸುತ್ತಾರೆ, ಸಮಾಗಮವನ್ನಲ್ಲ. ಪ್ರವಾದಿಯವರು ಮೈಮೂನಾ(ರ) ಅವರನ್ನು ಇಹ್ರಾಮಿನಲ್ಲಿದ್ದಾಗ ವಿವಾಹವಾದರು ಎಂಬ ಇಬ್ನು ಅಬ್ಬಾಸರ ಮಾತು ಅವರ ಆಧಾರ. ‘ನಾವು ಇಹ್ರಾಮಿನಲ್ಲಿರಲಿಲ್ಲ’ ಎಂದು ಹೇಳಿದವರು ಸ್ವತಃ ಮದುಮಗಳು ಮೈಮೂನಾ! ಅವರ ದಾಂಪತ್ಯ ಆರಂಭವಾದದ್ದು ಮಕ್ಕಾ ಹತ್ತಿರದ ಸರಿಫ್‌ನಲ್ಲಿ, ಹಿಜರಿ 7ರಲ್ಲಿ. ಮುಂದೆ ಅವರು ತೀರಿಕೊಂಡದ್ದೂ ದಫನವಾದದ್ದೂ ಅದೇ ಸರಿಫ್‌ನಲ್ಲಿ. ಮದುವೆಯ ವಿಷಯದಲ್ಲಿ ಮದುಮಗಳ ಮಾತಿಗೆ ತೂಕ ಹೆಚ್ಚು ಎಂದು ನನಗನ್ನಿಸುತ್ತದೆ, ಆದರೆ ಸಾವಿರ ವರ್ಷದ ಚರ್ಚೆಗೆ ನಾನು ತೀರ್ಪು ಕೊಡುವವನಲ್ಲ. ಸುಲಭ ದಾರಿ, ನಿಕಾಹ್ ನಾಲ್ಕು ದಿನ ಮುಂದೆ ಹಾಕುವುದು.

ಇಂಥದ್ದನ್ನೆಲ್ಲ ಯಾರನ್ನು ಕೇಳುವುದು? ನಾಚಿಕೆಯಾಗುತ್ತದೆ.

ಅಲೀ(ರ) ಅವರಿಗೂ ನಾಚಿಕೆಯಾಗಿತ್ತು. ಕಾಮಭಾವದಿಂದ ಒಸರುವ ದ್ರವದ ಬಗ್ಗೆ ಕೇಳಬೇಕಿತ್ತು, ಆದರೆ ಕೇಳಬೇಕಾದ ಪ್ರವಾದಿಯವರು ಹೆಂಡತಿಯ ತಂದೆ! ಅವರು ಮಿಖ್ದಾದ್(ರ) ಅವರನ್ನು ಕಳಿಸಿ ಕೇಳಿಸಿದರು. ‘ನಮ್ಮ ಪರಿಚಯದವರೊಬ್ಬರು’ ಎಂಬ ಪರಂಪರೆ ಅಷ್ಟು ಹಳೆಯದು. ಉಮ್ಮು ಸುಲೈಮ್(ರ) ಮಾತ್ರ ನೇರವಾಗಿ ಬಂದು, ಸತ್ಯದ ವಿಷಯದಲ್ಲಿ ಅಲ್ಲಾಹನು ನಾಚುವುದಿಲ್ಲ ಎಂದು ಪೀಠಿಕೆ ಹಾಕಿ, ಹೆಂಗಸಿಗೂ ಸ್ವಪ್ನಸ್ಖಲನವಾದರೆ ಸ್ನಾನ ಬೇಕೇ ಎಂದು ಕೇಳಿದರು.

ಚೀಟಿಯಲ್ಲಿ ಹೆಸರು, ಕೋಣೆಯ ಸಂಖ್ಯೆ ಬೇಡ. ಆದರೆ ಮೂರು ಸಂಗತಿ ಬರೆಯಿರಿ: ಉಮ್ರಾದ ಇಹ್ರಾಮೋ ಹಜ್ಜ್‌ನದೋ, ಅಷ್ಟರಲ್ಲಿ ಯಾವ ಯಾವ ಕರ್ಮ ಮುಗಿದಿತ್ತು, ನೀವು ಹನಫಿಯೋ ಶಾಫಿಈಯೋ. ಹೋದ ಶಿಬಿರದಲ್ಲಿ ಬಂದ ಒಂದು ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ತಪ್ಪಾಗಿದೆ. ಏನು ಮಾಡಲಿ?’ ಮೌಲಾನಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೆ ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು.